ನೆತ್ತಿಯ ಮೇಲಿನ ಗಾಳಿ

ನಾನು ಸುಲಭಕ್ಕೆ ಹೆದರುವವಳಲ್ಲ. ಆದರೆ ತಂಗಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾದ ಮಾರನೆಯ ಬೆಳಗನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮಗು ಹುಟ್ಟಿದ ಕೂಡಲೇ ಅತ್ತಿರಲಿಲ್ಲ. ಬೆನ್ನು ಉಜ್ಜಿ ಉಜ್ಜಿ ಉಸಿರು ಬರಿಸಿದ್ದರು. ಹಾಗಾಗಿ ಮಕ್ಕಳ ಡಾಕ್ಟರು ಅವನ ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ನಮ್ಮ ಜೀವ ಬಾಯಿಗೆ ಬಂದಿತ್ತು.

"ಯಾರಮ್ಮಾ ಇಷ್ಟು ಹತ್ತಿರ ಉಸಿರು ಬಿಡ್ತಿರೋದು? ಸ್ವಲ್ಪ ಹಿಂದೆ ನಿಂತ್ಕೊಳ್ಳಿ," ಎಂದರು, ತಲೆ ಎತ್ತದೆ.

ನಾನು ಬಾಗಿಲ ಬಳಿ ಇದ್ದೆ. ತಂಗಿ ಮಂಚದಿಂದ ಎದ್ದೇ ಇರಲಿಲ್ಲ. ಡಾಕ್ಟರು ಒಮ್ಮೆ ಸುತ್ತ ನೋಡಿ, ಬೇಗಬೇಗ ತಪಾಸಣೆ ಮುಗಿಸಿದರು. "ಚೆನ್ನಾಗಿದ್ದಾನೆ. ಹಸುಗೂಸುಗಳು ನಡುನಡುವೆ ಒಂದೆರಡು ಕ್ಷಣ ಉಸಿರು ನಿಲ್ಲಿಸ್ತವೆ. ಮೈ ನೀಲಿಯಾದ್ರೆ ತಕ್ಷಣ ಕೂಗಿ."

ಅವರು ಹೋದ ಮೇಲೆ ತೊಟ್ಟಿಲಿಗೆ ಬಾಗಿದೆ. ಮಗುವಿನ ಎದೆ ಏರಿಳಿಯುವುದು ನಿಂತಿತು. ಆಗ ಒಂದು ನಿಧಾನವಾದ ಉಸಿರು ಕೇಳಿಸಿತು, ದೊಡ್ಡವರ ಉಸಿರು. ಕಿಟಕಿ ಮುಚ್ಚಿತ್ತು, ಫ್ಯಾನ್ ತಿರುಗುತ್ತಿರಲಿಲ್ಲ. ಆದರೂ ಅವನ ನೆತ್ತಿಯ ಕೂದಲು ಒಂದು ಕಡೆಗೆ ವಾಲಿತು. ಆ ಗಾಳಿ ನನ್ನ ಕೈಗೆ ತಣ್ಣಗೆ ತಾಗಿತು. ಮಗು ಮತ್ತೆ ಉಸಿರಾಡಿತು.

"ಈ ರೂಮೇ ಬೇಡ, ನಡಿ," ಎಂದೆ.

"ಮೆತ್ತಗೆ ಮಾತಾಡು ಅಕ್ಕ," ಎಂದಳು ತಂಗಿ. "ಹುಟ್ಟಿದಾಗಿಂದ ಕೇಳ್ತಾ ಇದ್ದೀನಿ. ಪ್ರತಿ ಸಲ ಅದು ಬಂದ ಮೇಲೇನೇ ಇವನು ಉಸಿರು ತಗೊಳ್ಳೋದು. ಅದನ್ನ ಇಲ್ಲೇ ಬಿಟ್ಟು ಹೋದ್ರೆ ಇವನ ಗತಿ?"

ಮನೆಗೆ ಬಂದ ದಿನ ಅವಳು ಮಗುವಿನೊಂದಿಗೆ ಒಳಗೆ ಹೋದಳು. ನಾನು ಬಾಗಿಲು ತೆರೆದು ಹಿಡಿದು ಬದಿಗೆ ಸರಿದು ನಿಂತೇ ಇದ್ದೆ.

"ಇನ್ಯಾರು ಬರ್ಬೇಕು?" ಎಂದು ಕೇಳಿದ ಅವಳ ಗಂಡ.

ಅಷ್ಟರಲ್ಲೇ ನನ್ನ ಕುತ್ತಿಗೆಯ ಪಕ್ಕದಿಂದ ತಣ್ಣಗೆ ಏನೋ ಒಳಗೆ ಹೋಯಿತು.