ಸಿಸ್ಟರ್ ಶಿವಕುಮಾರಿಯ ಮಗ

"ಯಾರ್ರೀ ನೀವು? ನಮ್ಮಮ್ಮನ್ನ ಬಿಡಿ..."

ಬೆನ್ನ ಹಿಂದಿನಿಂದ ಬಂದ ಆ ಗಡಸು ದನಿಗೆ ಸುಪ್ರಜಾ ಬೆಚ್ಚಿದಳು. ಆದರೂ ಕೈ ಸಡಿಲಿಸಲಿಲ್ಲ.

ಅವಳ ಎದೆಗೆ ಒರಗಿದ್ದ ಹೆಂಗಸು ಉಸಿರಿಗಾಗಿ ಒದ್ದಾಡುತ್ತಿದ್ದರು. ಮೈಯೆಲ್ಲ ಬೆವರು. ಒಂದೇ ಸಮನೆ ಕೆಮ್ಮು. ಕೆಮ್ಮಿದಾಗ ಬಂದ ಕಫ ಸುಪ್ರಜಾಳ ದುಪಟ್ಟಾದ ಮೇಲೆಲ್ಲ ಬಿದ್ದಿತ್ತು.

"ಮಲಗಿಸಬೇಡಿ. ಮಲಗಿಸಿದ್ರೆ ಉಸಿರು ಕಟ್ಟುತ್ತೆ ಇವ್ರಿಗೆ. ಹೋಗಿ ಸಿಸ್ಟರ್‌ನ ಕರ್ಕೊಂಡ್ಬನ್ನಿ," ಎಂದಳು ತಿರುಗಿ ನೋಡದೆ.

ಅವನು ಓಡಿದ. ನರ್ಸ್ ಬಂದು ಆಕ್ಸಿಜನ್ ಹಾಕಿದ ಮೇಲೆ ಆ ಹೆಂಗಸಿನ ಮುಖಕ್ಕೆ ಸ್ವಲ್ಪ ಕಳೆ ಬಂತು. ಕಣ್ಣು ಬಿಟ್ಟು ಮಗನ ಕಡೆ ನೋಡಿದರು.

"ಯಾಕೋ ಭೂಷಿ ಆ ಹುಡುಗೀನ ಗದರ್ತೀಯ? ಅವಳು ಎಬ್ಬಿಸಿ ಕೂರಿಸ್ದೇ ಇದ್ದಿದ್ರೆ..." ಮುಂದಿನ ಮಾತನ್ನು ಕೆಮ್ಮು ನುಂಗಿತು.

ಅವನು ಮೊದಲ ಸಲ ಸುಪ್ರಜಾಳ ಮುಖ ನೋಡಿದ. ಆಮೇಲೆ ಆ ದುಪಟ್ಟಾ ನೋಡಿದ. ಹೊರಗೆ ಹೋಗಿ ಮಗ್ಗಿನಲ್ಲಿ ನೀರು ತಂದು ಅವಳ ಮುಂದೆ ಹಿಡಿದ.

"ತಪ್ಪು ತಿಳ್ಕೊಂಡೆ. ಸಾರಿ."

ತೊಂಬತ್ತೆಂಟರ ಬೇಸಿಗೆ ಅದು. ಚಾಮರಾಜಪೇಟೆಯ ಆ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಸುಪ್ರಜಾಳ ಅಜ್ಜಿ ಭಾಗೀರಥಮ್ಮ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ತಾಯಿಯಿಲ್ಲದ ಮೊಮ್ಮಗಳನ್ನು ಸಾಕಿದವರು ಅವರು. ತಂದೆ ರಾಘವ ಮೇಷ್ಟ್ರಿಗೆ ಶಾಲೆ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಸುಪ್ರಜಾಳೇ ಅಜ್ಜಿಯ ಜೊತೆಗಿದ್ದಳು.

ಪಕ್ಕದ ಹಾಸಿಗೆಯ ಶಿವಕುಮಾರಿ ಒಂದು ಕಾಲದಲ್ಲಿ ನರ್ಸ್. ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ದುಡಿದು ರಿಟೈರ್ ಆದವರು. ಈಗ ಶ್ವಾಸಕೋಶ ಪೂರ್ತಿ ಹಾಳಾಗಿತ್ತು. ಅದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ಅಜ್ಜಿನ ಹೊರಳಿಸೋಕೆ ಮುಂಚೆ, ಏನು ಮಾಡ್ತಿದೀಯ ಅಂತ ಹೇಳು ಮಗಳೇ. ಆಮೇಲೆ ಮುಟ್ಟು. ಮಲಗಿರೋರಿಗೆ ನಾಚಿಕೆ ಜಾಸ್ತಿ," ಎಂದು ಮಲಗಿದಲ್ಲಿಂದಲೇ ಕಲಿಸುತ್ತಿದ್ದರು.

ಮಗ ನಾಗಭೂಷಣ್‌ಗೆ ಕಲಾಸಿಪಾಳ್ಯದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ. ಸಂಜೆ ಬೇಗ ಬಾಗಿಲು ಹಾಕಿ, ಓಕಳಿಪುರದ ಮನೆಯಿಂದ ಕ್ಯಾರಿಯರ್‌ನಲ್ಲಿ ಗಂಜಿ ತರುತ್ತಿದ್ದ. ತಾಯಿಗೆ ತಿನ್ನಿಸುತ್ತಿದ್ದ, ಬಾಯಿ ಒರೆಸುತ್ತಿದ್ದ. ಆದರೆ ಇಬ್ಬರ ನಡುವೆ ಮಾತೇ ಇರುತ್ತಿರಲಿಲ್ಲ.

ಸುಪ್ರಜಾಳ ಜೊತೆ ಮಾತ್ರ ಅವನು ಮಾತಾಡುತ್ತಿದ್ದ. ವಾರ್ಡಿನ ಹೊರಗೆ, ಮೆಟ್ಟಿಲ ಪಕ್ಕದ ಕಿಟಕಿಯ ಹತ್ತಿರ. ಮೊದಮೊದಲು ಒಂದು ಕಾಫಿ ತರುತ್ತಿದ್ದವನು ಆಮೇಲೆ ಎರಡು ತರತೊಡಗಿದ. ಅಂಗಡಿಗೆ ಬರುವ ಡ್ರೈವರ್‌ಗಳ ಕಥೆ ಹೇಳಿ ನಗಿಸುತ್ತಿದ್ದ.

ಆಸ್ಪತ್ರೆಯಲ್ಲಿ ಕೂತು ಸಂಜೆಗಾಗಿ ಕಾಯ್ತಿದೀನಲ್ಲ... ಇದೇನು ನನಗೆ ಆಗ್ತಿರೋದು? ಸುಪ್ರಜಾ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಶಿವಕುಮಾರಿ ಅವಳ ಕೈ ಹಿಡಿದುಕೊಂಡರು.

"ನರ್ಸಿಂಗ್ ಸೇರ್ತೀಯಾ? ಸುಮ್ನೆ ಕೇಳ್ತಿಲ್ಲ. ನಿನ್ನ ಕೈ ಮೆತ್ತಗಿದೆ."

ಆ ಮಾತು ಅವಳ ಒಳಗೆಲ್ಲೋ ಹೋಗಿ ಕೂತುಬಿಟ್ಟಿತು. ಅಪ್ಪ ಶೇಷಾದ್ರಿಪುರಂನ ಕಾಲೇಜಿನಲ್ಲಿ ಬಿ.ಕಾಂ. ಸೀಟು ನೋಡಿಟ್ಟಿದ್ದರು. ನರ್ಸಿಂಗ್ ಅಂದರೆ ಒಪ್ಪುತ್ತಾರೆಯೇ? ಮೂರು ವರ್ಷಕ್ಕೂ ಮೇಲೆ ಹಾಸ್ಟೆಲ್, ರಾತ್ರಿ ಪಾಳಿ, ಗಂಡಸರ ವಾರ್ಡು...

ಅಪ್ಪನಿಗಿಂತ ಮೊದಲು ಅವಳು ಹೇಳಿದ್ದು ನಾಗಭೂಷಣ್‌ಗೆ. ಅವನು ಖುಷಿಪಡುತ್ತಾನೆ ಎಂದುಕೊಂಡಿದ್ದಳು.

ಅವನ ಮುಖ ಬಿಗಿಯಿತು.

"ಬೇಡ. ಬೇರೆ ಏನಾದ್ರೂ ಓದಿ."

"ಯಾಕೆ?"

"ಆ ಕೆಲಸಕ್ಕೆ ಹೋದೋರು ಮನೆಗೆ ಉಳಿಯಲ್ಲ ಸುಪ್ರಜಾ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ನರ್ಸ್‌ಗಳ ಬಗ್ಗೆ ಬೀದಿಯ ಜನ ಆಡುವ ಮಾತು ಅವಳಿಗೆ ಗೊತ್ತಿತ್ತು. ಇವನ ಬಾಯಲ್ಲೂ ಅದೇ?

"ನಿಮ್ಮನ್ನ ಸಾಕಿದ್ದು ಅದೇ ಕೆಲಸ ಅಲ್ವಾ?"

"ಅದಕ್ಕೇ ಹೇಳ್ತಿರೋದು."

"ಹೆತ್ತ ತಾಯಿ ಬಗ್ಗೆ ಇಷ್ಟು ಕೀಳಾಗಿ ಯೋಚ್ನೆ ಮಾಡೋರ ಜೊತೆ ನಂಗೇನೂ ಮಾತಿಲ್ಲ."

ಅವನು ಕೈಯಲ್ಲಿದ್ದ ಕಾಫಿ ಲೋಟವನ್ನು ಕಿಟಕಿಯ ಮೇಲಿಟ್ಟ. ಮೆಟ್ಟಿಲಿಳಿದು ಹೋದ.

ಮರುದಿನ ಮಧ್ಯಾಹ್ನ ಶಿವಕುಮಾರಿಗೆ ಮತ್ತೆ ಉಸಿರು ಸಿಕ್ಕಿಕೊಂಡಿತು. ಡಾಕ್ಟರು ಬಂದರು, ಇಂಜೆಕ್ಷನ್ ಕೊಟ್ಟರು, ಅಂಗಡಿಗೆ ಫೋನ್ ಮಾಡಿಸಿದರು. ಇನ್ನು ಮಾಡುವುದೇನೂ ಉಳಿದಿರಲಿಲ್ಲ.

ಸುಪ್ರಜಾ ಪಕ್ಕದಲ್ಲಿ ಕೂತು ಅವರ ಕೈ ಹಿಡಿದಿದ್ದಳು.

"ಭೂಷಿ... ಬಂದ್ನಾ?"

ಅವಳು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ.

"ಬಂದ್ರು ಅಮ್ಮ. ಮೆಟ್ಲು ಹತ್ತಿದಾರೆ, ಇನ್ನೇನು ಬಂದ್ಬಿಟ್ರು."

ಶಿವಕುಮಾರಿಯ ಹಿಡಿತ ಒಂದು ಕ್ಷಣ ಬಿಗಿಯಾಯಿತು. ಆಮೇಲೆ ಸಡಿಲವಾಯಿತು. ಅವರ ಕಣ್ಣು ಬಾಗಿಲ ಕಡೆಗೇ ಇತ್ತು.

ನಾಗಭೂಷಣ್ ಏದುಸಿರು ಬಿಡುತ್ತ ಬಂದಾಗ ಮುಖದ ಮೇಲೆ ಬಿಳಿ ಹೊದಿಕೆ ಎಳೆದಾಗಿತ್ತು. ಅವನು ಅಳಲಿಲ್ಲ. ಮಂಚದ ಕಂಬಿ ಹಿಡಿದು ನಿಂತುಬಿಟ್ಟ. ಸುಪ್ರಜಾಳಿಗೆ ಅವನ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಸಾಯುವವರಿಗೆ ಸುಳ್ಳು ಹೇಳಿದ್ದೆನಲ್ಲ ಎಂಬುದೊಂದೇ ಅವಳ ತಲೆಯಲ್ಲಿ ಸುತ್ತುತ್ತಿತ್ತು.

ಅಜ್ಜಿಯನ್ನು ಮನೆಗೆ ಕರೆತಂದ ದಿನವೇ ಅವಳು ಅಪ್ಪನಿಗೆ ಹೇಳಿದಳು. "ಬಿ.ಕಾಂ. ಸೇರ್ತೀನಿ ಅಪ್ಪ."

ನರ್ಸಿಂಗಿನ ಸುದ್ದಿಯನ್ನೇ ಕೇಳಿರದ ರಾಘವ ಮೇಷ್ಟ್ರು ಸಮಾಧಾನದಿಂದ ತಲೆಯಾಡಿಸಿದರು. ಅವಳು ಬಚ್ಚಲಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಒಂದು ಸಾವಿಗೇ ಹೀಗೆ ಕುಸಿದವಳು ಎಷ್ಟು ಸಾವು ನೋಡಬಲ್ಲೆ? ನನ್ನ ಕೈಲಾಗಲ್ಲ...

ಮನೆಯಲ್ಲಿ ಅಜ್ಜಿ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಬೆನ್ನಲ್ಲಿ ಹುಣ್ಣಾಗಿತ್ತು. ಮಡಿಯಲ್ಲೇ ಬದುಕಿದ ಭಾಗೀರಥಮ್ಮನಿಗೆ ಎಲ್ಲವೂ ಹಾಸಿಗೆಯಲ್ಲೇ ಆಗುವುದು ನರಕವಾಗಿತ್ತು.

ಒಂದು ಬೆಳಿಗ್ಗೆ ಬಟ್ಟೆ ಬದಲಿಸುವಾಗ ಅವರು ಮುಖ ಮುಚ್ಚಿಕೊಂಡು ಬಿಕ್ಕಿದರು.

"ನಿಂಗೆ ಅಸಹ್ಯ ಆಗಲ್ವೇನೇ?"

"ಇಲ್ಲ ಅಜ್ಜಿ. ಈಗ ಎಡಗಡೆಗೆ ತಿರುಗಿಸ್ತೀನಿ... ಸ್ವಲ್ಪ ನೋವಾಗುತ್ತೆ, ತಡ್ಕೊಳ್ಳಿ." ಹುಣ್ಣು ತೊಳೆದು ಔಷಧಿ ಹಚ್ಚುತ್ತ ಅವಳು ಮೆಲ್ಲಗೆ ಹೇಳಿದಳು, "ಅಸಹ್ಯ ಆಗಲ್ಲ. ಭಯ ಆಗುತ್ತೆ ಅಷ್ಟೇ."

"ಯಾತರ ಭಯ?"

ಆಗ ಅವಳು ಎಲ್ಲ ಹೇಳಿದಳು. ಶಿವಕುಮಾರಿ ಕೇಳಿದ್ದು, ನಾಗಭೂಷಣ್ ಬೇಡವೆಂದದ್ದು, ಕೊನೆಯಲ್ಲಿ ತಾನು ಆಡಿದ ಸುಳ್ಳು. ಭಾಗೀರಥಮ್ಮ ಗೋಡೆ ಕಡೆ ಮುಖ ಮಾಡಿಕೊಂಡೇ ಕೇಳಿಸಿಕೊಂಡರು.

"ಕಂಡೋರ ಮೈ ಮುಟ್ಟೋ ಕೆಲಸ ನಮಗೇತಕ್ಕೆ ಅಂತ ನಾನೇ ಅಂತಿದ್ದೆ ಕಣೇ. ಈಗ ನೋಡು, ಯಾರಾದ್ರೂ ಮುಟ್ಟಬೇಕು ನನ್ನ. ಒರಟಾಗಿ ಮುಟ್ಟೋರೂ ಇದ್ರು ಅಲ್ಲಿ. ನಿನಗೆ ಭಯ ಇದೆ, ಅದಕ್ಕೇ ನೀನು ನೋಯಿಸಲ್ಲ." ಆಮೇಲೆ ಅಂದರು, "ನಾನು ಹೋಗೋವಾಗಲೂ ಯಾರಾದ್ರೂ ಹಾಗೆ ಕೈ ಹಿಡ್ಕೊಂಡು ಕೂತ್ರೆ ಸಾಕು."

ಆ ದಿನವಿಡೀ ಸುಪ್ರಜಾ ಯೋಚಿಸಿದಳು. ಭಯ ಹೋಗಿರಲಿಲ್ಲ. ಆದರೂ ತಾನು ಎಲ್ಲಿ ಇರಬೇಕು ಎಂಬುದು ಅವಳಿಗೆ ಗೊತ್ತಾಗಿತ್ತು. ಸಂಜೆ ಅಪ್ಪನ ಮುಂದೆ ನಿಂತಳು.

"ಅಪ್ಪ, ನಾನು ನರ್ಸಿಂಗ್ ಸೇರ್ತೀನಿ."

ಮೇಷ್ಟ್ರು ಕನ್ನಡಕ ತೆಗೆದರು. "ನಿಮ್ಮಮ್ಮ ಇದ್ದಿದ್ರೆ ಇದಕ್ಕೆ ಒಪ್ತಿದ್ಲಾ?"

"ಒಪ್ತಿದ್ಲು ಕಣೋ," ಎಂದಿತು ಒಳಗಿನಿಂದ ಅಜ್ಜಿಯ ದನಿ.

ಇಂಟರ್‌ವ್ಯೂಗೆ ಅವಳನ್ನು ಕರೆದುಕೊಂಡು ಹೋದರು ಅಪ್ಪ. ಆದರೆ ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ ಒಂದು ಮಾತೂ ಆಡಲಿಲ್ಲ. ಆ ಮೌನ ಅವಳನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು.

ಅಜ್ಜಿಯನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತುಮಾಡಿಯಾಗಿತ್ತು. ಹಾಸ್ಟೆಲಿಗೆ ಹೊರಡುವ ಹಿಂದಿನ ಸಂಜೆ ಗೇಟಿನ ಸದ್ದಾಯಿತು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ನೋಡಿದ ಭಾಗೀರಥಮ್ಮ ಮೊಮ್ಮಗಳನ್ನು ಕರೆದರು.

"ಶಿವಕುಮಾರಿ ಮಗ ಬಂದಿದಾನೆ. ಹೋಗಿ ಮಾತಾಡ್ಸು. ಪಾಪ, ಸೊರಗಿ ಹೋಗಿದಾನೆ."

ಹತ್ತಿರದ ಮಕ್ಕಳ ಕೂಟದ ಪಾರ್ಕಿನ ಬೆಂಚಿನ ಮೇಲೆ ಇಬ್ಬರೂ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ.

"ನಮ್ಮಪ್ಪ ಹೋದಾಗ ನಾನಿನ್ನೂ ಸ್ಕೂಲಲ್ಲಿದ್ದೆ," ಎಂದ ಅವನು. "ಎದೆನೋವು ಬಂತು. ಅಮ್ಮಂಗೆ ಹೇಳಿಕಳಿಸಿದ್ವಿ. ಅವ್ರ ಹತ್ರ ಯಾರೋ ಬಾಣಂತಿ, ರಕ್ತ ನಿಲ್ತಿರಲಿಲ್ಲವಂತೆ. ಬಿಟ್ಟು ಬರಕ್ಕಾಗಲಿಲ್ಲ. ಬರೋಷ್ಟರಲ್ಲಿ ಅಪ್ಪ ಹೋಗ್ಬಿಟ್ಟಿದ್ರು."

ಸುಪ್ರಜಾ ಅವನ ಕಡೆ ತಿರುಗಿ ಕೂತಳು.

"ಅವತ್ತಿಂದ ನಾನು ಅಮ್ಮನ ಜೊತೆ ಸರಿಯಾಗಿ ಮಾತೇ ಆಡಲಿಲ್ಲ. ಯಾರದೋ ಹೆಂಡತಿ ಬದುಕಬೇಕಾಗಿತ್ತು, ನಮ್ಮಪ್ಪ ಬೇಡವಾಗಿತ್ತು ಅಂತ ಕೋಪ. ನರ್ಸಿಂಗ್ ಬೇಡ ಅಂದಿದ್ದು ಅದಕ್ಕೇ. ನಿಮ್ಮನ್ನೂ ಆ ಕೆಲಸಕ್ಕೆ ಕಳ್ಕೊಂಡ್ಬಿಡ್ತೀನೇನೋ ಅಂತ... ಕೀಳಾಗಿ ನೋಡಿ ಅಲ್ಲ."

"ನಾನೇನೇನೋ ಅಂದ್ಬಿಟ್ಟೆ."

"ಬಿಡಿ." ಅವನ ದನಿ ಒಡೆಯಿತು. "ಅಮ್ಮ ಹೋದಾಗ ನಾನಿರಲಿಲ್ಲ. ನೀವಿದ್ರಿ. ನೀವು ನಮಗೇನೂ ಆಗ್ಬೇಕಿರಲಿಲ್ಲ, ಆದ್ರೂ ಇದ್ರಿ. ಅಮ್ಮ ಇಷ್ಟು ವರ್ಷ ಯಾರ್ಯಾರಿಗೋ ಹಾಗೇ ಇದ್ರು ಅಂತ ನಂಗೆ ಆಗ ಹೊಳೀತು. ಹೇಳೋಣ ಅಂದ್ರೆ ಅಮ್ಮನೇ ಇಲ್ಲ."

ಅವಳಿಗೆ ಇನ್ನು ತಡೆಯಲಾಗಲಿಲ್ಲ. "ನಾನೊಂದು ಸುಳ್ಳು ಹೇಳ್ಬಿಟ್ಟೆ ಅವ್ರಿಗೆ. ಭೂಷಿ ಬಂದ್ನಾ ಅಂದ್ರು. ಮೆಟ್ಲು ಹತ್ತಿದಾರೆ ಅಂದೆ. ಬಾಗಿಲ ಕಡೆ ನೋಡ್ತಾನೇ..."

ಅವನು ಮುಖ ಮುಚ್ಚಿಕೊಂಡ. ತಾಯಿ ಸತ್ತ ದಿನ ಬಾರದಿದ್ದ ಅಳು ಈಗ ಬಂತು. ಸುಪ್ರಜಾ ನಡುವಿನ ಜಾಗ ದಾಟಿ ಹತ್ತಿರ ಕೂತಳು. ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು. ಸಮಾಧಾನ ಮಾಡಲು ಹೋಗಲಿಲ್ಲ.

"ನಾನು ಬರ್ತೀನಿ ಅಂತ ನಂಬ್ಕೊಂಡೇ ಹೋದ್ರಾ ಅಮ್ಮ?" ಕೇಳಿದ ಕೊನೆಗೆ.

"ಹೌದು."

"ಅಷ್ಟು ಸಾಕು ನಂಗೆ."

ಪಾರ್ಕಿನಲ್ಲಿ ದೀಪ ಹತ್ತುವ ಹೊತ್ತಾಗಿತ್ತು. ಅವಳು ಹೇಳಿದಳು, "ನಾಳೆ ಹಾಸ್ಟೆಲಿಗೆ ಹೋಗ್ತಿದೀನಿ. ನೀವು ಬೇಡ ಅಂದ್ರೂ ಹೋಗ್ತೀನಿ."

"ಬೇಡ ಅನ್ನೋಕೆ ಬಂದಿಲ್ಲ." ಅವನು ಕಣ್ಣೊರೆಸಿಕೊಂಡ. "ನೀವು ಅಂದ್ರೆ ನಂಗೆ ಪ್ರಾಣ ಸುಪ್ರಜಾ. ಆಸ್ಪತ್ರೆಗೆ ಎಷ್ಟು ಬೇಕೋ ಅಷ್ಟು ಕೊಟ್ಟು, ಉಳಿದಿದ್ದು ನಂಗಿರಲಿ. ಕಾಯ್ತೀನಿ."

"ಅಪ್ಪ ನನ್ನ ಜೊತೆ ಮಾತೇ ಬಿಟ್ಟಿದಾರೆ. ಇನ್ನು ನಿಮ್ಮ ವಿಷಯ ಗೊತ್ತಾದ್ರೆ..."

"ಮಾತು ಬಿಟ್ಟೋರ ನೋವು ನಂಗೆ ಗೊತ್ತು. ನೀವು ಬಿಡಬೇಡಿ. ದಿನಾ ಮಾತಾಡ್ಸಿ ಅವ್ರನ್ನ."

ಅವಳು ತಲೆಯಾಡಿಸಿದಳು. ಕಣ್ಣೀರು ಕೆನ್ನೆಯ ಮೇಲಿಳಿಯಿತು.

"ಹಾಸ್ಟೆಲಿಗೆ ನೋಡೋಕೆ ಬರಬಹುದಾ?"

"ಭಾನುವಾರ ಬಿಡ್ತಾರಂತೆ. ಮನೆಯವ್ರು ಮಾತ್ರ."

"ಮತ್ತೆ ಗೇಟಲ್ಲಿ ಕೇಳಿದ್ರೆ ನಾನು ಯಾರು ಅಂತ ಹೇಳ್ಲಿ?"

ಸುಪ್ರಜಾ ತಲೆ ತಗ್ಗಿಸಿದಳು. ಹಿಡಿದ ಕೈ ಬಿಡಲಿಲ್ಲ.

"ಮನೆಯವ್ರು ಅಂತಲೇ ಹೇಳಿ."