ಗಂಧದ ಬೊಟ್ಟಿಟ್ಟ ರ‍್ಯಾಮ್

ನನ್ನ ಕುತ್ತಿಗೆಗೆ ಸ್ಕ್ರೂಡ್ರೈವರ್ ತಾಗಿತು.

ಹಿಂದೆ ಶಟರ್ ಅರ್ಧಕ್ಕೆ ಇಳಿಯಿತು...

ಧರ್ಮಪುರಿ ಬಸ್ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಅಂಗಡಿ. ಸ್ಕ್ರೂಡ್ರೈವರ್ ಹಿಡಿದವನು ಕೆಲಸದಾಳು ಶಿವಲಿಂಗಂ. ಗಲ್ಲಾದಲ್ಲಿ ಕೂತು ಟೀ ಹೀರುತ್ತಿದ್ದವನು ಮಾಲೀಕ ಸುಬ್ಬರಾಯನ್.

ಕಳುವಾದದ್ದನ್ನು ಹಿಂದಕ್ಕೆ ತರುವುದು ನನ್ನ ಕೆಲಸ. ಬೈಕು, ಒಡವೆ, ಒಮ್ಮೆ ಯಾರದೋ ಗಂಡನನ್ನೂ ತಂದುಕೊಟ್ಟಿದ್ದೇನೆ. ಈ ಸಲ ಕಂಪ್ಯೂಟರಿನ ಮೆಮೊರಿ ಪಟ್ಟಿ, ಎರಡು ರ‍್ಯಾಮ್.

ನಗಬೇಡಿ.

ಸೇಲಂನ ನೇಕಾರ ರಾಜಗೋಪಾಲ್ ಮನೆಗೆ ಕಳ್ಳ ನುಗ್ಗಿದ್ದ. ರೇಷ್ಮೆ ಸೀರೆ ಮುಟ್ಟಲಿಲ್ಲ. ಬೆಳ್ಳಿ ದೀಪ ಮುಟ್ಟಲಿಲ್ಲ. ಮಗಳು ಕಲೈವಾಣಿಯ ಗೇಮಿಂಗ್ ಕಂಪ್ಯೂಟರ್ ಬಿಚ್ಚಿ ಮೆಮೊರಿ ಪಟ್ಟಿ ಎರಡನ್ನೂ ಕಿತ್ತುಕೊಂಡು ಹೋಗಿದ್ದ. ಇವತ್ತು ಸಂಜೆ ಅವಳ ಗೇಮಿಂಗ್ ಪಂದ್ಯದ ಫೈನಲ್. ಗೆದ್ದರೆ ಚೆನ್ನೈ ಟೀಮಿನಲ್ಲಿ ಸಂಬಳದ ಜಾಗ. ಹೊಸದು ಕೊಳ್ಳೋಣವೆಂದರೆ, ಹಿಂದೆ ಅರ್ಧ ಕಂಪ್ಯೂಟರಿಗೆ ಕೊಟ್ಟಷ್ಟು ದುಡ್ಡು ಈಗ ಆ ಎರಡು ಪಟ್ಟಿಗೇ ಬೇಕು.

ಕದ್ದ ಬಿಡಿಭಾಗ ಬಂದು ಸೇರುವ ಈ ಅಂಗಡಿಗೆ ಗಿರಾಕಿಯಂತೆ ಬಂದು, ಇಷ್ಟು ದುಬಾರಿ ಯಾಕೆಂದು ಸುಬ್ಬರಾಯನನ್ನೇ ಕೇಳಿದ್ದೆ.

"ಅಮೆರಿಕಾದಾಗೆ ಕಂಪ್ಯೂಟರಿಗೆ ಕವಿತೆ ಬರೆಯೋದು ಕಲಿಸ್ತಾವ್ರೆ ಅಮ್ಮಣಿ. ಊರಗಲ ಶೆಡ್ಡು ಕಟ್ಟಿ, ಲೋಕದ ಮೆಮೊರಿ ಪೂರಾ ಅದ್ಕೇ ಸುರೀತಾವ್ರೆ. ಮಿಕ್ಕಿದ್ದು ನಮ್ಗೆ."

ರಾಜಗೋಪಾಲನಿಗೆ ಇದು ಹೊಸದಲ್ಲ. ದೊಡ್ಡ ಮಿಲ್ಲು ನೂಲೆಲ್ಲ ಬಾಚಿಕೊಂಡಾಗ ಕೈಮಗ್ಗ ಸುಮ್ಮನೆ ಕೂರುವುದನ್ನು ಚಿಕ್ಕಂದಿನಿಂದ ನೋಡಿದ್ದಾನೆ.

ಮೇಜಿನ ಮೇಲೆ ಪೊಟ್ಟಣದಲ್ಲಿ ಎರಡು ಪಟ್ಟಿ. ತೈವಾನಿನಿಂದ ಇವತ್ತೇ ಬಂದ ಮಾಲು ಎಂದ ಸುಬ್ಬರಾಯನ್. ತಿರುಗಿಸಿದೆ. ಮೂಲೆಯಲ್ಲಿ ಒಣಗಿದ ಗಂಧ, ಅದರ ನಡುವೆ ಕುಂಕುಮ. ಆಯುಧಪೂಜೆಗೆ ರಾಜಗೋಪಾಲನ ತಾಯಿ ಚೆಲ್ಲಮ್ಮ ಮಗ್ಗ, ಲಾಳಿ, ಮಿಕ್ಸಿಯ ಜೊತೆಗೆ ಕಂಪ್ಯೂಟರನ್ನೂ ಬಿಚ್ಚಿಸಿ, ಬಿಡಿಬಿಡಿಯಾಗಿ ಬೊಟ್ಟಿಟ್ಟಿದ್ದಳು.

"ತೈವಾನಾಗೂ ಆಯುಧಪೂಜೆ ಮಾಡ್ತಾರಾ ಅಣ್ಣಾ?"

ಸ್ಕ್ರೂಡ್ರೈವರ್ ಬಂದದ್ದು ಆಗಲೇ.

ಸುಬ್ಬರಾಯನ ಕೈಯಿಂದ ಟೀ ಕಿತ್ತು ಶಿವಲಿಂಗಂ ಮುಖಕ್ಕೆ ಎರಚಿದೆ. ಪೊಟ್ಟಣ ಬಾಚಿಕೊಂಡು ಶಟರ್ ಕೆಳಗೆ ನುಸುಳಿದೆ.

ತೊಪ್ಪೂರು ಇಳಿಜಾರಿನಲ್ಲಿ ಅವರ ಕಾರು ನನ್ನ ಸ್ಕೂಟರಿನ ಹಿಂಚಕ್ರ ಮೂಸಿತು. ಒಂದು ಕಡೆ ಲಾರಿ, ಇನ್ನೊಂದು ಕಡೆ ಕಮರಿ. ಕತ್ತಿನ ಚಿನ್ನದ ಸರ ಕಿತ್ತು ರಸ್ತೆಗೆ ಎಸೆದೆ. ಮದುವೆಯ ಸರ. ಹಾಕಿಕೊಳ್ಳಲು ಇದ್ದ ಕಾರಣ ಹೋಗಿ ವರ್ಷವಾಗಿತ್ತು.

ಚಿನ್ನದ ಮೇಲೆ ಕಾರು ಹತ್ತಿಸಿಕೊಂಡೇ ಬಂದರು!

ಪಟ್ಟಿಗಳನ್ನು ಮೊದಲೇ ರವಿಕೆಯೊಳಗೆ ಸೇರಿಸಿದ್ದೆ. ಖಾಲಿ ಪೊಟ್ಟಣ ಎಸೆದೆ.

ಬ್ರೇಕ್ ಕಿರುಚಿತು. ಕನ್ನಡಿಯಲ್ಲಿ ಕಂಡೆ... ಸುಬ್ಬರಾಯನ್ ಹೈವೇ ನಡುವೆ ಮಂಡಿಯೂರಿ ಪೊಟ್ಟಣ ತಡಕುತ್ತಿದ್ದ.

ಸಂಜೆಗೆ ಮುಂಚೆಯೇ ಸೇಲಂ ಸೇರಿದೆ. ಕಲೈವಾಣಿ ಸ್ನಾನಕ್ಕೆ ಹೋಗಿದ್ದಳು. ಪಟ್ಟಿಗಳನ್ನು ಚೆಲ್ಲಮ್ಮನ ಕೈಗೆ ಕೊಟ್ಟೆ. ನಿಮ್ಮ ಗಂಧದ ಗುರುತಿನಿಂದಲೇ ಸಿಕ್ಕಿತು ಎಂದು ಹೊಗಳಿಯೂ ಬಿಟ್ಟೆ. ಆಮೇಲೆ ಅಡುಗೆಮನೆಗೆ ನೀರು ಕುಡಿಯಲು ಹೋದೆ.

ವಾಪಸು ಬಂದಾಗ ಕಲೈವಾಣಿ ಸ್ವಿಚ್ ಒತ್ತಿದ್ದಳು. ಫ್ಯಾನ್ ತಿರುಗಿತು. ಪರದೆ ಕಪ್ಪು. ಏನೋ ಸುಟ್ಟ ವಾಸನೆ... ಗಂಧದ ವಾಸನೆ.

"ಓದ್ಸಾರಿ ಒಂದೇ ಬೊಟ್ಟಿಟ್ಟಿದ್ಕೆ ಊರೆಲ್ಲಾ ಉಡುಕ್ಬೇಕಾಯ್ತು," ಎಂದಳು ಚೆಲ್ಲಮ್ಮ. "ಈ ಸಾರಿ ಜರಿ ಅಂಚಿನಂಗೆ ಮಿಣಮಿಣ ಅಂತೈತಲ್ಲ, ಅದರ ಮ್ಯಾಲೆ ಪೂರಾ ತೇದು ಮೆತ್ತಿ, ನಾನೇ ಸಿಕ್ಕಿಸ್ದೆ."

ಮಿಣಮಿಣ ಅನ್ನುತ್ತಿದ್ದದ್ದು ಕರೆಂಟು ಹರಿಯುವ ಚಿನ್ನದ ಹಲ್ಲುಗಳು. ಕಲೈವಾಣಿ ನೆಲದ ಮೇಲೆ ಕೂತಳು. ಟೀಮಿನವರ ಫೋನ್ ಬಡಿದುಕೊಳ್ಳುತ್ತಲೇ ಇತ್ತು.

ಸೇಲಂ ಜಿಲ್ಲೆಯಲ್ಲಿ ಇನ್ನು ಯಾವ ಕಳ್ಳನೂ ಮುಟ್ಟದ ರ‍್ಯಾಮ್ ಅದೊಂದೇ.