ಮೂರನೇ ಸುತ್ತಿನ ಆರು ಹೊಡೆತ

ಜೂಡೋ ಅಂಗಿಯ ತೋಳಿಗೆ ಇಸ್ತ್ರಿ ಒತ್ತುತ್ತಿದ್ದವಳು ಕೈ ನಿಲ್ಲಿಸಿ, ರಿಮೋಟ್ ಹಿಡಿದು ಪಂದ್ಯವನ್ನು ಮತ್ತೆ ಹಿಂದಕ್ಕೆ ಓಡಿಸಿದಳು.

ಟಿವಿಯ ಸದ್ದು ಪೂರ್ತಿ ಅಡಗಿತ್ತು. ತೀರ್ಪುಗಾರರಿಗೆ ಕಲಿಸುವ ಮೊದಲ ಪಾಠವೇ ಅದು. ಸದ್ದು ತೆಗೆದು ನೋಡು, ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಅಂಕ ಹಾಕು.

"ಅದೇ ಹೊಡೆದಾಟ ಎಷ್ಟು ಸಲ ನೋಡ್ತೀಯೇ? ಪೆಟ್ಟು ತಿಂದವನೇ ಮರೆತಿರ್ತಾನೆ," ಬಟಾಣಿ ಸುಲಿಯುತ್ತಿದ್ದ ಅಮ್ಮ ಅಂದಳು.

"ಹೊಡೆದಾಟ ಅಲ್ಲಮ್ಮ, ಆಟ. ಕುಸ್ತಿ, ಜೂಡೋ, ಬಾಕ್ಸಿಂಗ್ ಎಲ್ಲ ಸೇರಿರೋ ಆಟ. ತೂಕ ನೋಡ್ತಾರೆ, ನಿಯಮ ಇದೆ, ಅಂಕ ಹಾಕೋಕೆ ನಾವು ಮೂರು ಜನ ಇರ್ತೀವಿ."

"ಬೀದೀಲಿ ಜಗಳ ಆದಾಗಲೂ ಮೂರು ಜನ ನಿಂತು ನೋಡ್ತಾರೆ."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳು. ಇಂದು ಆಗಲಿಲ್ಲ.

ಪರದೆಯ ಮೇಲೆ ಮೂರನೇ ಸುತ್ತು. ಉದ್ದ ಕೂದಲಿನ 'ಮಿಂಚು' ಹಾರಿ ಹಾರಿ ಆರು ಹೊಡೆತ ಹಾಕಿದ. ಮಾತು ಕಡಿಮೆಯೆಂದು ಎಲ್ಲರೂ 'ಮೌನಿ' ಎನ್ನುವ ಎದುರಾಳಿ, ಎರಡು ತೋಳನ್ನೂ ಮುಖಕ್ಕೆ ಅಡ್ಡ ಹಿಡಿದು ನಿಂತಿದ್ದ.

ಪಂದ್ಯದ ದಿನ ಅವಳ ಕುರ್ಚಿಯ ಎದುರಿಗೆ ಕಣದ ಸುತ್ತಲ ಜಾಲರಿಯ ಕಂಬವೊಂದು ಅಡ್ಡವಿತ್ತು. ಈಗಿನ ಈ ದೃಶ್ಯ ಆಚೆ ಬದಿಯ ಕ್ಯಾಮೆರಾ ಹಿಡಿದದ್ದು, ನಿನ್ನೆಯಷ್ಟೇ ಹೊರಬಂದದ್ದು. ಒಂದು... ಎರಡು... ಆರರಲ್ಲಿ ಐದು ತೋಳಿನ ಮೇಲೆ ಬಿದ್ದಿದ್ದವು. ಮುಖಕ್ಕೆ ಒಂದೇ.

ಪಂದ್ಯವನ್ನು ಅಲ್ಲೇ ನಿಲ್ಲಿಸಿದಳು.

ಹಾಗಾದರೆ ನಾನು ಅವತ್ತು ನೋಡಿದ್ದೇನು?

ನೋಡಿರಲಿಲ್ಲ. ಕೇಳಿಸಿಕೊಂಡಿದ್ದಳು. ಮಿಂಚು ಕೈ ಬೀಸಿದಾಗಲೆಲ್ಲ ಜನ ಎದ್ದು ಕೂಗಿದ್ದರು. ಆ ಕೂಗಿಗೆ ಅವಳು ಅಂಕ ಹಾಕಿದ್ದಳು. ಉಳಿದ ಇಬ್ಬರು ತೀರ್ಪುಗಾರರು ಒಬ್ಬೊಬ್ಬರನ್ನು ಗೆಲ್ಲಿಸಿದ್ದರಿಂದ, ಮೌನಿ ಸೋತದ್ದು ಅವಳ ಒಂದೇ ಅಂಕದಿಂದ.

ಮರುದಿನ ಸಂಘಟಕ ಫೋನ್ ಮಾಡಿದ್ದ. "ಮೇಡಂ, ಜನಕ್ಕೆ ಬೇಕಾದವನನ್ನೇ ಗೆಲ್ಲಿಸಿದ್ರಿ. ಎಷ್ಟೇ ಆದರೂ ಇದು ಮನರಂಜನೆ ತಾನೇ?" ಎಂದಿದ್ದ. ಸಿಟ್ಟಿನಿಂದ ಫೋನ್ ಕುಕ್ಕಿದ್ದಳು. ಈಗ ಆ ಮಾತು ನುಂಗಲಾರದ ತುತ್ತಾಗಿತ್ತು.

ಅದೇ ವಾರದ ಗುರುವಾರ ಮೌನಿ ಅವಳ ಜೂಡೋ ತರಗತಿಗೆ ಬಂದಿದ್ದ. ಶೂ ಕೈಯಲ್ಲಿ ಹಿಡಿದು, ಹಾಸಿನ ಅಂಚಿನಲ್ಲಿ ನಿಂತು, ನೇರ ಅವಳ ಕಣ್ಣನ್ನೇ ನೋಡಿದ್ದ.

"ಮೂರನೇ ಸುತ್ತಲ್ಲಿ ನನ್ನ ತಪ್ಪೇನು ಹೇಳಿ ಮೇಡಂ. ತಿದ್ದಿಕೊಳ್ತೀನಿ."

"ತೋಳಿನ ಹಿಂದೆ ಅಡಗಿದ್ರಿ. ಹೊಡೆತ ಬೀಳ್ತಾನೇ ಇತ್ತು," ಎಂದಿದ್ದಳು... ಎಷ್ಟು ಧೈರ್ಯವಾಗಿ!

ಆಮೇಲೂ ಎರಡು ಗುರುವಾರ ಬಂದ. ಅವನು ಬಾರದ ದಿನಗಳು ಯಾಕೆ ಇಷ್ಟು ಉದ್ದ ಎಂದು ಅವಳು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಇವತ್ತೂ ಗುರುವಾರ. ಇಸ್ತ್ರಿ ಆರಿಸಿ ತರಗತಿಗೆ ಹೊರಟಳು.

ಹುಡುಗಿಯರು ಇನ್ನೂ ಬಂದಿರಲಿಲ್ಲ. ಅವನು ಆಗಲೇ ಕಾಯುತ್ತಿದ್ದ. ಎಡಗಣ್ಣಿನ ಕೆಳಗೆ ಊದಿಕೊಂಡಿತ್ತು.

"ಏನಿದು?"

"ನಿಮ್ಮ ಪಾಠ," ಎಂದು ನಕ್ಕ. "ತೋಳು ಇಳಿಸಿ ಆಡೋದು ಕಲೀತಾ ಇದೀನಿ. ಮಿಂಚು ಜೊತೆ ಮರುಪಂದ್ಯಕ್ಕೆ ಇನ್ನು ಒಂಬತ್ತೇ ದಿನ. ನಮ್ಮ ಗುರುಗಳು ಬೈದೂ ಬೈದೂ ಸುಸ್ತಾಗಿದಾರೆ."

ಸುಮ್ಮನಿದ್ದರೆ ಇವನು ಮುಖ ತೆರೆದುಕೊಂಡೇ ಕಣಕ್ಕೆ ಇಳಿಯುತ್ತಾನೆ. ಹೇಳಿದರೆ... ಇನ್ನೆಂದೂ ಈ ಬಾಗಿಲಿಗೆ ಬರುವುದಿಲ್ಲ.

"ತೋಳು ಇಳಿಸಬೇಡಿ," ಅಂದಳು. "ನೀವು ಮಾಡಿದ್ದೇ ಸರಿ. ತಪ್ಪು ನನ್ನದು. ಆ ಸುತ್ತು ನಿಮ್ಮದು."

ಅವನ ನಗು ಆರಿತು. "ನೀವು ಸಂಘಟಕರ ಕಡೆಯವರು ಅಂತ ನಮ್ಮವರು ಅಂದಾಗ ನಾನು ನಿಮ್ಮ ಪರ ಜಗಳ ಆಡಿದ್ದೆ."

"ನಾನು ಯಾರ ಕಡೆಯವಳೂ ಅಲ್ಲ. ಕಂಬ ಅಡ್ಡ ಇತ್ತು. ಕಾಣಲಿಲ್ಲ ಅಂತ ಒಪ್ಪಿಕೊಳ್ಳೋ ಬದಲು ಕಿವಿಯಿಂದ ನೋಡಿದೆ."

ಅವನು ಚೀಲ ಹೆಗಲಿಗೇರಿಸಿ ಹೊರಟುಹೋದ.

ತರಗತಿಯುದ್ದಕ್ಕೂ ಅವಳ ಮನಸ್ಸು ನಿಂತಲ್ಲಿ ನಿಲ್ಲಲಿಲ್ಲ. ಎಣಿಕೆ ಎರಡು ಸಲ ತಪ್ಪಿತು. "ಮಿಸ್, ಏಳು ಆದ ಮೇಲೆ ಐದು ಬರಲ್ಲ," ಎಂದು ಹುಡುಗಿಯೊಬ್ಬಳು ಕಿಸಕ್ಕೆಂದಳು.

ಎಲ್ಲರೂ ಹೋದ ಮೇಲೆ ಹೊರಗೆ ಬಂದರೆ, ಅವನು ಮೆಟ್ಟಿಲ ಮೇಲೆ ಕೂತಿದ್ದ.

"ಹೋಗಲಿಲ್ವಾ?"

"ಹೋಗಿದ್ದೆ. ಬಸ್ ನಿಲ್ದಾಣದ ತನಕ."

"ಕೋಪ ಇದೆಯಾ ಇನ್ನೂ?"

"ಇದೆ. ಸೋತಿದ್ದಕ್ಕಲ್ಲ. ಇಷ್ಟೂ ಗುರುವಾರ ನಾನು ಪಾಠಕ್ಕೇ ಬಂದೆ ಅಂದುಕೊಂಡ್ರಲ್ಲ, ಅದಕ್ಕೆ."

ಅವಳು ಒಂದು ಮೆಟ್ಟಿಲು ಬಿಟ್ಟು ಕೂತಳು. ಹೊರಗೆ ಸಂಜೆಯ ವಾಹನಗಳು ಒಂದೇ ಸಮನೆ ಹೋಗುತ್ತಿದ್ದವು.

"ಮತ್ತೆ ಯಾತಕ್ಕೆ ಬಂದ್ರಿ?"

"ಎಲ್ಲಾನೂ ಬಾಯಿಬಿಟ್ಟೇ ಹೇಳಬೇಕಾ?"

"ಹೇಳಬೇಕು. ನಾನು ಸರಿಯಾಗಿ ನೋಡಲ್ಲ ಅಂತ ಗೊತ್ತಾಯ್ತಲ್ಲ."

ಅವನ ಕಿವಿಗಳು ಕೆಂಪಾದವು. "ನಿಮ್ಮನ್ನ ನೋಡೋಕೆ ಬಂದೆ. ಮುಂದೂ ಬರಬೇಕು ಅಂತಿದೆ... ನೀವು ಬೇಡ ಅನ್ನದಿದ್ರೆ."

"ಬೇಡ ಅನ್ನಲ್ಲ," ಎಂದಳು. ಇಷ್ಟು ಮೆಲ್ಲಗೆ ಅವಳು ಯಾರೊಡನೆಯೂ ಮಾತಾಡಿರಲಿಲ್ಲ. "ಆದರೆ ತೋಳು ಮೇಲೇ ಇರಲಿ."

"ಮೇಲೇ ಇರತ್ತೆ. ಮರುಪಂದ್ಯದ ದಿನ ಕಣದ ಪಕ್ಕ ನೀವೇ ಕೂರ್ತೀರಲ್ಲ? ತೀರ್ಪುಗಾರರ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿದೆ. ನನಗೆ ಅದೇ ಧೈರ್ಯ."

ಅವಳು ನಕ್ಕಳಷ್ಟೇ. ಅವನು ಅದನ್ನೇ ಹೌದೆಂದುಕೊಂಡು ಎದ್ದು ಹೋದ.

ಬಾಗಿಲಿಗೆ ಬೀಗ ಹಾಕುವಾಗ ಅಮ್ಮನ ಫೋನ್ ಬಂತು. "ಹೊರಟ್ಯಾ?"

"ಸ್ವಲ್ಪ ತಡ ಆಗತ್ತಮ್ಮ."

"ಯಾಕೇ?"

"ಏನಿಲ್ಲ. ಒಂದು ಸಣ್ಣ ಕೆಲಸ."

ಮೂರನೇ ಸುತ್ತಿನ ತನ್ನ ತಪ್ಪನ್ನು ಪಂದ್ಯ ಮಂಡಳಿಗೆ ಬರೆದುಕೊಡಬೇಕು. ಇನ್ನು ಮುಂದೆ ಅವನ ಯಾವ ಪಂದ್ಯಕ್ಕೂ ತನ್ನನ್ನು ಕೂರಿಸಬೇಡಿ ಎಂದೂ ಬರೆಯಬೇಕು. ಏಳು ವರ್ಷ ಕಷ್ಟಪಟ್ಟು ಗಳಿಸಿದ ಕುರ್ಚಿ, ಆ ಸಾಲಿನಲ್ಲಿ ಅವಳೊಬ್ಬಳೇ ಹೆಂಗಸು. ತಪ್ಪೊಪ್ಪಿಕೊಂಡವಳನ್ನು ಮತ್ತೆ ಕರೆಯುತ್ತಾರೋ ಇಲ್ಲವೋ.

ಮಂಡಳಿಯ ಕಚೇರಿ ಮುಚ್ಚಲು ಇನ್ನೂ ಅರ್ಧ ಗಂಟೆಯಿತ್ತು. ಅವಳು ಮನೆಯ ದಾರಿ ಬಿಟ್ಟು ಆ ಕಡೆಗೆ ತಿರುಗಿದಳು.